ಹೆಸ್ಟ್ ಎಂಬ ಹಳೆಯ ಆಣತಿ: ಆಕ್ಸ್‌ಫರ್ಡ್ ನಿಘಂಟಿನ ಆನ್‌ಲೈನ್ ಆವೃತ್ತಿ ಎಷ್ಟು ನೆರವಾಗುತ್ತದೆ?

ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದ ಮೂರನೇ ಅಂಕದಲ್ಲಿ ಮಿರಾಂಡಾ ತನ್ನ ಹೆಸರು ಹೇಳಿದ ಮರುಕ್ಷಣವೇ, ಅಪ್ಪನ ‘ಹೆಸ್ಟ್’ ಮುರಿದೆನಲ್ಲ ಎಂದು ಪೇಚಾಡುತ್ತಾಳೆ. ಹೆಸ್ಟ್ ಅಂದರೆ ಅಪ್ಪಣೆ, ಆಣತಿ. ಈಗಿನ ‘ಬಿಹೆಸ್ಟ್’ ಪದವನ್ನು ಕತ್ತರಿಸಿ ಹೆಸ್ಟ್ ಮಾಡಿದ್ದಾರೆ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ, ಹೆಸ್ಟ್ ತಾನೇ ಸ್ವತಂತ್ರ ಪದ. ಹಳೆಯ ಇಂಗ್ಲಿಷಿನಲ್ಲಿ ಅದು ‘ಹ್ಯಾಸ್’, ಕೊನೆಯಲ್ಲಿ ಟಕಾರವೇ ಇರಲಿಲ್ಲ. ಅದು ಸೇರಿಕೊಂಡದ್ದು ಆಮೇಲೆ. ಬೇರು ‘ಹಾತನ್’ ಎಂಬ ಕ್ರಿಯಾಪದ: ಆಜ್ಞಾಪಿಸು, ಕರೆ, ಹೆಸರಿಡು. ಜರ್ಮನ್ನಿನ ‘ಹೈಸನ್’ ಇದರ ದಾಯಾದಿ.

ಇಂಥ ಚರಿತ್ರೆ ಹುಡುಕುವವರಿಗೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಗೆ ಸಾಟಿ ಇಲ್ಲ. ಮೊದಲ ಕಂತು ಹೊರಬಂದದ್ದು 1884ರಲ್ಲಿ, ಕೆಲಸ ಮುಗಿದದ್ದು 1928ರಲ್ಲಿ. 1989ರ ಎರಡನೇ ಆವೃತ್ತಿ 20 ಸಂಪುಟ. ಆನ್‌ಲೈನ್‌ಗೆ ಬಂದದ್ದು 2000ದಲ್ಲಿ. ಪ್ರತಿ ಅರ್ಥದ ಕೆಳಗೂ ಇಸವಿ ಸಮೇತ ಉಲ್ಲೇಖಗಳಿವೆ. ಅವನ್ನು ಸಾಲಾಗಿ ಓದಿದರೆ ಪದ ಬೆಳೆದದ್ದು ಕಣ್ಣಿಗೆ ಕಾಣುತ್ತದೆ.

ಎಡವುವುದು ಒಂದೇ ಕಡೆ. ಇಲ್ಲಿ ಅತಿ ಹಳೆಯ ಅರ್ಥ ಮೊದಲು ಬರುತ್ತದೆ, ಇಂದು ಬಳಕೆಯಲ್ಲಿರುವುದಲ್ಲ. ‘ಬಿಹೆಸ್ಟ್’ ಮೊದಲಿಗೆ ಕೊಟ್ಟ ಮಾತು, ಹರಕೆ. ಅಪ್ಪಣೆಯ ಅರ್ಥ ನಂತರದ್ದು. ಮಧ್ಯಕಾಲದ ಬರಹಗಳಲ್ಲಿ ‘ಲ್ಯಾಂಡ್ ಆಫ್ ಬಿಹೆಸ್ಟ್’ ಸಿಕ್ಕರೆ ಅದು ದೇವರು ಮಾತು ಕೊಟ್ಟ ನಾಡು. ಅಪ್ಪಣೆಯ ನಾಡು ಎಂದು ಅನುವಾದಿಸಿದರೆ ವಾಕ್ಯವೇ ಕೆಟ್ಟಿತು. ಅರ್ಥದ ಮುಂದೆ ಕಠಾರಿಯ ಗುರುತು (†) ಇದ್ದರೆ ಅದು ಬಳಕೆ ತಪ್ಪಿದೆ ಎಂದು ತಿಳಿಯಿರಿ. ನಮೂದು ಯಾವಾಗ ಪರಿಷ್ಕರಣೆಯಾಗಿದೆ ಎಂಬುದನ್ನೂ ನೋಡಿಕೊಳ್ಳಿ. ಹಳೆಯದಾಗಿದ್ದರೆ ವ್ಯುತ್ಪತ್ತಿಯನ್ನು ಬೇರೆಡೆ ತಾಳೆ ಹಾಕುವುದು ಒಳ್ಳೆಯದು.

ಕೊರತೆ ಎಂದರೆ ಚಂದಾ. ಪೂರ್ಣ ನಮೂದಿಗೆ ಹಣ ಕಟ್ಟಬೇಕು, ಇಲ್ಲವೇ ಚಂದಾ ಇರುವ ಗ್ರಂಥಾಲಯದ ಲಾಗಿನ್ ಬೇಕು. ಒಂದೆರಡು ಪದಕ್ಕಾಗಿ ಇದು ದುಬಾರಿ. ಅಂಥವರು ಹಳೆಯ ಇಂಗ್ಲಿಷಿಗೆ ಬಾಸ್‌ವರ್ತ್–ಟಾಲರ್ ನಿಘಂಟನ್ನೂ ಮಧ್ಯಕಾಲದ ರೂಪಗಳಿಗೆ ಮಿಷಿಗನ್ ವಿಶ್ವವಿದ್ಯಾಲಯದ ಮಿಡಲ್ ಇಂಗ್ಲಿಷ್ ಡಿಕ್ಷನರಿಯನ್ನೂ ತೆರೆಯಲಿ. ಎರಡೂ ಆನ್‌ಲೈನ್‌ನಲ್ಲಿ ಉಚಿತ. ಆದರೆ ಬಾಸ್‌ವರ್ತ್–ಟಾಲರ್‌ನಲ್ಲಿ ಟಕಾರ ಸೇರಿಸಿ ಹುಡುಕಬೇಡಿ. ಅಲ್ಲಿರುವುದು ‘ಹ್ಯಾಸ್’.