ಇವಾಂಜೆಲಿಯನ್: ಪೂರ್ತಿ ಒಪ್ಪಲೂ ಆಗದ, ಬಿಡಲೂ ಆಗದ 26 ಎಪಿಸೋಡ್

ಐದರಲ್ಲಿ ಮೂರೂವರೆ ಸ್ಟಾರ್. 'ನಿಯಾನ್ ಜೆನೆಸಿಸ್ ಇವಾಂಜೆಲಿಯನ್' ಎಂಬ ಜಪಾನಿ ಟಿವಿ ಸರಣಿಗೆ ಇಷ್ಟೇನಾ ಎಂದು ಅನಿಮೆ (ಜಪಾನಿ ಅನಿಮೇಷನ್) ನೋಡುವವರು ಹುಬ್ಬೇರಿಸಬಹುದು. ಆದರೆ ಮೊದಲ ಸಲ ಕಾಣುವ ಸರಣಿಯೇ ಬೇರೆ, ಗುಟ್ಟೆಲ್ಲ ಗೊತ್ತಾದ ಮೇಲೆ ಮತ್ತೆ ಮತ್ತೆ ನೋಡಿದಾಗ ಉಳಿಯುವುದೇ ಬೇರೆ. ಗುಟ್ಟುಗಳು ಬೇಗ ಸವೆಯುತ್ತವೆ. ಎಡಿಟಿಂಗ್, ಶಬ್ದ, ಮೌನ ಸವೆಯುವುದಿಲ್ಲ.

ಹಿದೆಯಾಕಿ ಆನ್ನೊ ನಿರ್ದೇಶನ, ಗೈನ್ಯಾಕ್ಸ್ ಸ್ಟುಡಿಯೊ, 1995ರ ಅಕ್ಟೋಬರ್‌ನಿಂದ 1996ರ ಮಾರ್ಚ್‌ವರೆಗೆ ಟಿವಿ ಟೋಕಿಯೊದಲ್ಲಿ ಪ್ರಸಾರ. ಕತೆಯ ಕಾಲ 2015. 'ಏಂಜೆಲ್' ಎಂದು ಕರೆಯುವ ದೈತ್ಯಗಳು ಒಂದರ ಹಿಂದೊಂದು ಬಂದು ಟೋಕಿಯೊ-3 ನಗರದ ಮೇಲೆ ಎರಗುತ್ತವೆ. ಅವನ್ನು ಎದುರಿಸುವ 'ಇವಾ' ಎಂಬ ದೈತ್ಯಯಂತ್ರ ಓಡಿಸಲು 14 ವರ್ಷದ ಶಿಂಜಿಯನ್ನು ಅವನ ಅಪ್ಪನೇ ಕರೆಸುತ್ತಾನೆ, ಅದೂ ವರ್ಷಗಟ್ಟಲೆ ಮುಖ ತೋರಿಸದೆ ಇದ್ದವನು.

ಮೊದಲ ಆರು ಎಪಿಸೋಡ್‌ಗಳಿಗೆ ಪೂರ್ತಿ ಅಂಕ. ಇವಾಗೆ ಕರೆಂಟ್ ಬರುವುದು ಬೆನ್ನಿಗೆ ಸಿಕ್ಕಿಸಿದ ಕೇಬಲ್‌ನಿಂದ. ಅದು ಕಿತ್ತರೆ ಒಳಗಿನ ಬ್ಯಾಟರಿ ಹೆಚ್ಚೆಂದರೆ ಐದು ನಿಮಿಷ. ಈ ಒಂದೇ ನಿಯಮದಿಂದ ಪ್ರತಿ ಕಾಳಗಕ್ಕೂ ಗಡಿಯಾರ ಕಟ್ಟಿದಂತಾಗಿದೆ. ಆರನೇ ಎಪಿಸೋಡ್‌ನಲ್ಲಿ ಇಡೀ ಜಪಾನಿನ ಕರೆಂಟನ್ನು ಒಂದು ಬಂದೂಕಿಗೆ ತಿರುಗಿಸುತ್ತಾರೆ, 18 ಕೋಟಿ ಕಿಲೋವ್ಯಾಟ್. ಮೊದಲ ಗುಂಡು ತಪ್ಪಿದರೆ ಬಂದೂಕು ತಣ್ಣಗಾಗಬೇಕು, ಫ್ಯೂಸ್ ಬದಲಿಸಬೇಕು, ಮತ್ತೆ ಚಾರ್ಜ್ ಆಗಬೇಕು. ಅಷ್ಟು ಹೊತ್ತು ಇನ್ನೊಂದು ಇವಾ ಓಡಿಸುವ ಹುಡುಗಿ ರೇ ಹಿಡಿದು ನಿಲ್ಲುವ ಗುರಾಣಿ ತಡೆಯುವುದು 17 ಸೆಕೆಂಡ್ ಮಾತ್ರ. ಟ್ರಾನ್ಸ್‌ಫಾರ್ಮರ್, ಕೇಬಲ್ ಸುರುಳಿ, ಕತ್ತಲಾಗುತ್ತ ಹೋಗುವ ಊರುಗಳನ್ನು ಇಷ್ಟು ಶ್ರದ್ಧೆಯಿಂದ ತೋರಿಸಿದ್ದರಿಂದಲೇ ಕೊನೆಯ ಎರಡು ನಿಮಿಷಕ್ಕೆ ಆ ಬಲ ಬಂದಿದೆ. ದೈತ್ಯಯಂತ್ರದ ಅನಿಮೆಗಳು ಸಾಮಾನ್ಯವಾಗಿ ಈ ಲೆಕ್ಕಾಚಾರವನ್ನು ಹಾರಿಸಿಬಿಡುತ್ತವೆ.

7ರಿಂದ 13ರವರೆಗೆ ಹೆಚ್ಚುಕಡಿಮೆ ವಾರಕ್ಕೊಂದು ದೈತ್ಯ. ಒಂಬತ್ತನೆಯದರಲ್ಲಿ ಶಿಂಜಿ ಮತ್ತು ಇವಾ ಓಡಿಸುವ ಮತ್ತೊಬ್ಬ ಹುಡುಗಿ ಅಸುಕಾ ಇಬ್ಬರೂ 62 ಸೆಕೆಂಡಿನ ಸಂಗೀತಕ್ಕೆ ಹೆಜ್ಜೆ ಕೂಡಿಸಿ ಹೊಡೆದಾಡುವುದು ಇವತ್ತಿಗೂ ಖುಷಿ ಕೊಡುತ್ತದೆ. ಅಗ್ನಿಪರ್ವತದ ಹತ್ತನೆಯದನ್ನು ಮತ್ತೆ ನೋಡಬೇಕು ಎನಿಸುವುದಿಲ್ಲ. 14ರ ಮೊದಲರ್ಧ ಹಳೆಯ ದೃಶ್ಯಗಳ ಜೋಡಣೆ. ಸತತವಾಗಿ ನೋಡುತ್ತಿದ್ದರೆ ಅದನ್ನು ಓಡಿಸಿ, ಎರಡನೇ ಅರ್ಧ ಬಿಡಬೇಡಿ.

ಈ ಭಾಗದಲ್ಲೇ ಸರಣಿಯ ಅತಿ ಕೆಟ್ಟ ಚಾಳಿಯೂ ಇದೆ. 14 ವರ್ಷದ ಹುಡುಗಿಯರ ಮೈಮೇಲೆ ಕ್ಯಾಮೆರಾ ಸುಳಿದಾಡುವ ರೀತಿ. 'ಹದಿಹರೆಯದ ಹುಡುಗನ ಕಣ್ಣಿನಿಂದ ನೋಡಿದ್ದು' ಎಂಬ ಸಮರ್ಥನೆ ಕೆಲವು ಕಡೆ ಒಪ್ಪುವಂಥದ್ದು. ಶಿಂಜಿಯೇ ಇಲ್ಲದ ಶಾಟ್‌ಗಳಲ್ಲೂ ಅದೇ ಕಂಡಾಗ ಆ ಸಮರ್ಥನೆ ಬಿದ್ದುಹೋಗುತ್ತದೆ. ಎಷ್ಟು ಸಲ ನೋಡಿದರೂ ಇದು ಹಗುರವಾಗಿಲ್ಲ, ಹೆಚ್ಚೇ ಚುಚ್ಚುತ್ತದೆ.

16ರಿಂದ 24ರ ನಡುವೆ ಸರಣಿ ತನ್ನ ಹೆಸರನ್ನು ಉಳಿಸಿಕೊಳ್ಳುತ್ತದೆ. 22ರಲ್ಲಿ ಅಸುಕಾ ಮತ್ತು ರೇ ಲಿಫ್ಟ್‌ನಲ್ಲಿ ನಿಂತಿರುತ್ತಾರೆ: ಸುಮಾರು 50 ಸೆಕೆಂಡ್ ಚಿತ್ರ ಅಲುಗುವುದೇ ಇಲ್ಲ, ಲಿಫ್ಟ್‌ನ ಸದ್ದು ಮಾತ್ರ. 24ರಲ್ಲಿ ಬೀಥೋವನ್ನನ ಒಂಬತ್ತನೇ ಸಿಂಫನಿ ಹಾಡುತ್ತಿರುವಾಗ ಸುಮಾರು ಒಂದು ನಿಮಿಷ ಇನ್ನೊಂದು ನಿಶ್ಚಲ ಚಿತ್ರ. ಚಿತ್ರ ಬರೆಯುವ ಖರ್ಚೂ ಉಳಿಯಿತು, ನೋಡುವವರ ಉಸಿರೂ ನಿಂತಿತು. ಬೇಸಿಗೆ ಮುಗಿಯದ ಆ ಜಪಾನಿನಲ್ಲಿ ಸಿಕಾಡಾಗಳ (ಜೀರುಂಡೆ) ಕಿರುಚಾಟ ಎಲ್ಲೆಲ್ಲೂ ಇದೆ. ಅದು ಯಾವಾಗ ನಿಲ್ಲುತ್ತದೆ ಎಂದು ಕಿವಿಗೊಡಿ. ಮೊಬೈಲ್ ಸ್ಪೀಕರ್‌ನಲ್ಲಿ ನೋಡಿದರೆ ಇದರ ಅರ್ಧವೂ ದಕ್ಕುವುದಿಲ್ಲ. ಹೆಡ್‌ಫೋನ್ ಹಾಕಿ, ಮೂಲ ಜಪಾನಿ ಧ್ವನಿಯನ್ನೇ ಇಟ್ಟುಕೊಳ್ಳಿ. ಶಿಂಜಿಗೆ ದನಿ ಕೊಟ್ಟ ಮೆಗುಮಿ ಒಗಾತಾ ಅವರ ಚೀರಾಟಕ್ಕೆ ಬದಲಿ ಇಲ್ಲ.

ಇನ್ನು ಪುರಾಣದ ವಿಷಯ. ಶಿಲುಬೆ ಆಕಾರದ ಸ್ಫೋಟ, ಮೃತ ಸಮುದ್ರದ ಸುರುಳಿಗಳು ಎಂಬ ಪುರಾತನ ಯಹೂದಿ ಹಸ್ತಪ್ರತಿಗಳು, ಆಡಂ, ಯಹೂದಿ ಪುರಾಣದ ಲಿಲಿತ್. ಇವುಗಳ ಹಿಂದೆ ಗಹನವಾದ ಸೂತ್ರವಿದೆ ಎಂದು ಹುಡುಕಲು ಹೊರಟರೆ ಬರಿಗೈ. ಕ್ರೈಸ್ತ ಸಂಕೇತಗಳಿಗೆ ವಿಶೇಷ ಅರ್ಥವೇನಿಲ್ಲ, ಜಪಾನಿನಲ್ಲಿ ಅಪರೂಪವಾಗಿ ಕಾಣುತ್ತವೆಂದು ಬಳಸಿದ್ದು ಎಂದು ಸಹಾಯಕ ನಿರ್ದೇಶಕ ಕಾಜುಯಾ ತ್ಸುರುಮಾಕಿಯೇ ಹೇಳಿದ್ದಾರೆ. ಸೀಲೆ ಎಂಬ ಗುಪ್ತಕೂಟದ ಸಭೆಗಳು ಎರಡನೇ ಸಲಕ್ಕೇ ಆಕಳಿಕೆ ತರಿಸುತ್ತವೆ.

25, 26ರ ಬಗ್ಗೆ ನೋಡುಗರ ಜಗಳ ಇನ್ನೂ ಮುಗಿದಿಲ್ಲ. ಹೊರಗಿನ ಕತೆಯನ್ನು ಅಲ್ಲೇ ಬಿಟ್ಟು ಶಿಂಜಿಯ ತಲೆಯೊಳಗೆ ಹೋಗುತ್ತಾರೆ: ಮಡಚುವ ಕುರ್ಚಿ, ಪ್ರಶ್ನೆಗಳು, ಫೋಟೊ, ಪೆನ್ಸಿಲ್ ಗೆರೆ, ಮರುಬಳಕೆಯ ದೃಶ್ಯಗಳು. ಸಮಯದ ಅಭಾವ ಎದ್ದು ಕಾಣುತ್ತದೆ. 25 ಒಂದೇ ಮಾತನ್ನು ಹಿಂಡುತ್ತದೆ, ಅದು ಸೋತ ಎಪಿಸೋಡ್. 26 ಹಾಗಲ್ಲ, ಖಾಲಿ ಬಿಳಿ ಹಾಳೆಯಲ್ಲಿ ಒಂದು ಗೆರೆ ಎಳೆದು 'ಇದು ನೆಲ' ಎನ್ನುವ ಜಾಗವನ್ನು ಕಾಸಿಲ್ಲದವರ ತೇಪೆ ಎಂದು ತಳ್ಳಿಹಾಕಲಾಗದು. ಇಲ್ಲಿ ಮಾತು ಮತ್ತು ತೆರೆಯ ಮೇಲಿನ ಬರಹ ಒಟ್ಟಿಗೇ ಬರುವುದರಿಂದ ಸಬ್‌ಟೈಟಲ್ ಗಿಜಿಗಿಜಿ. ಆಗಾಗ ಪಾಜ್ ಒತ್ತಲೇಬೇಕು.

ನೋಡುವ ಕ್ರಮ ಹೀಗಿರಲಿ. 1ರಿಂದ 6 ಎರಡು ಸಂಜೆಗೆ. 18, 19 ಒಟ್ಟಿಗೆ, ಮಧ್ಯೆ ನಿಲ್ಲಿಸಿದರೆ ಬಿಸಿ ಆರುತ್ತದೆ. 21ರಿಂದ 24 ದಿನಕ್ಕೊಂದೇ. ಇವುಗಳ ಡೈರೆಕ್ಟರ್ಸ್ ಕಟ್ (ದೃಶ್ಯಗಳನ್ನು ಸೇರಿಸಿದ ಆವೃತ್ತಿ) ಸಿಕ್ಕರೆ ಅದನ್ನೇ ನೋಡಿ, ಮುಂದಿನ ಸಿನಿಮಾಗೆ ಬೇಕಾದ ದೃಶ್ಯಗಳು ಅದರಲ್ಲಿವೆ. 26 ಮುಗಿದ ಮೇಲೆ ಕೆಲವು ದಿನ ಬಿಟ್ಟು 1997ರ 'ದಿ ಎಂಡ್ ಆಫ್ ಇವಾಂಜೆಲಿಯನ್'. ಅದೇ ವರ್ಷದ 'ಡೆತ್ ಆಂಡ್ ರೀಬರ್ತ್' ಹೆಚ್ಚಾಗಿ ಹಳೆಯದರ ಮರುಜೋಡಣೆ, ಬಿಟ್ಟರೆ ನಷ್ಟವಿಲ್ಲ. 2019ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ಜಪಾನಿನ ಹೊರಗೆ ಎಪಿಸೋಡ್ ಕೊನೆಯ ಹಾಡು 'ಫ್ಲೈ ಮಿ ಟು ದ ಮೂನ್' ಮಾಯವಾಗಿ ಪಿಯಾನೊ ತುಣುಕು ಬಂತು. ಕೇಳಿದವರಿಗೆ ಮಾತ್ರ ಗೊತ್ತು ಆ ಕೊರತೆ.

2007ರಿಂದ 2021ರವರೆಗೆ ಬಂದ ನಾಲ್ಕು ಹೊಸ ಸಿನಿಮಾಗಳಿಂದ ಶುರು ಮಾಡಬೇಡಿ. ಮೊದಲನೆಯದು ಆರು ಎಪಿಸೋಡ್‌ಗಳನ್ನು ಒಂದೂವರೆ ಗಂಟೆ ಚಿಲ್ಲರೆಗೆ ಒತ್ತಿದ್ದು: ಚಿತ್ರ ಚೆಂದ, ಶಿಂಜಿಯ ಒಂಟಿತನಕ್ಕೆ ಜಾಗವೇ ಇಲ್ಲ. ಮೂರನೆಯದು 14 ವರ್ಷ ಮುಂದಕ್ಕೆ ಹಾರಿ ಏನನ್ನೂ ಬಿಡಿಸಿ ಹೇಳುವುದಿಲ್ಲ. ನಾಲ್ಕನೆಯದರ ಹಳ್ಳಿಯ ಭಾಗ ಮಾತ್ರ ಅಪೂರ್ವ. ರೇ ಕೆಸರಿಗಿಳಿದು ಭತ್ತದ ನಾಟಿ ಕಲಿಯುವುದನ್ನು ಇಷ್ಟು ನಿಧಾನವಾಗಿ ತೋರಿಸುವ ಧೈರ್ಯ 1995ರ ಸರಣಿಗೂ ಇರಲಿಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳ ಜತೆ ನೋಡುವ ಸರಣಿ ಇದಲ್ಲ. 22ರಲ್ಲಿ ಆತ್ಮಹತ್ಯೆಯ ನೆನಪು ನೇರವಾಗಿ ಬರುತ್ತದೆ, 1997ರ ಸಿನಿಮಾದ ಮೊದಲ ಆಸ್ಪತ್ರೆ ದೃಶ್ಯ ದೊಡ್ಡವರಿಗೇ ಅಸಹ್ಯ ಹುಟ್ಟಿಸುವಂಥದ್ದು. ಮನಸ್ಸು ಕುಗ್ಗಿರುವ ದಿನಗಳಲ್ಲಿ 20ರ ನಂತರದ ಎಪಿಸೋಡ್‌ಗಳನ್ನು ಮುಂದಕ್ಕೆ ಹಾಕುವುದೇ ಒಳ್ಳೆಯದು.