ವಿಂಡೋಸ್‌ನೊಳಗೇ ಇರುವ ರ‍್ಯಾನ್ಸಮ್‌ವೇರ್ ಬೀಗ: ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ವಿಮರ್ಶೆ

ಫೈಲುಗಳನ್ನು ತೆರೆಯಲಾಗದಂತೆ ಮಾಡಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಭಯಕ್ಕೆ ದುಡ್ಡು ಕೊಟ್ಟು ಇನ್ನೊಂದು ಆಂಟಿವೈರಸ್ ತರುವ ಮೊದಲು, ವಿಂಡೋಸ್ 10 ಮತ್ತು 11ರಲ್ಲಿ ಪುಕ್ಕಟೆಯಾಗಿ ಬಂದಿರುವ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಅನ್ನು ಬಳಸಿ ನೋಡಬೇಕು. ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತನ್ನೇ ನಡುಗಿಸಿದ 2017ರಲ್ಲೇ, ಅಕ್ಟೋಬರ್ ತಿಂಗಳ ಅಪ್‌ಡೇಟ್ ಜೊತೆ ಇದು ಬಂತು. ಹೋಮ್ ಆವೃತ್ತಿಯಲ್ಲೂ ಇದೆ. ಆದರೆ ಮೈಕ್ರೋಸಾಫ್ಟ್ ಇದನ್ನು ಆಫ್ ಮಾಡಿಯೇ ಕೊಡುತ್ತದೆ, ನಾವೇ ಹುಡುಕಿ ಆನ್ ಮಾಡಬೇಕು. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಕಳೆದ ಒಂದೂವರೆ ಅಂಕದಲ್ಲಿ ಹೆಚ್ಚಿನದು ಹೋಗಿದ್ದು ಕೆಲಸದ ಗುಣಕ್ಕಲ್ಲ, ಬಳಸುವವರಿಗೆ ಅದು ಕೊಡುವ ತಲೆನೋವಿಗೆ.

ಸಾಮಾನ್ಯ ಆಂಟಿವೈರಸ್ ಕೆಟ್ಟ ಪ್ರೋಗ್ರಾಂ ಯಾವುದು ಎಂದು ಹುಡುಕುತ್ತದೆ. ಇದರ ದಾರಿ ಬೇರೆ. ಪಟ್ಟಿಯಲ್ಲಿರುವ ಫೋಲ್ಡರುಗಳೊಳಗಿನ ಫೈಲುಗಳನ್ನು ತಿದ್ದಲು, ಅಳಿಸಲು ನಂಬಿಕಸ್ಥ ಪ್ರೋಗ್ರಾಂಗಳಿಗೆ ಮಾತ್ರ ಬಿಡುತ್ತದೆ, ಉಳಿದವನ್ನೆಲ್ಲ ಬಾಗಿಲಲ್ಲೇ ತಡೆಯುತ್ತದೆ. ರ‍್ಯಾನ್ಸಮ್‌ವೇರ್ ಎಷ್ಟೇ ಹೊಸದಿರಲಿ, ಫೋಟೋ, ವರ್ಡ್ ಫೈಲುಗಳನ್ನು ಎನ್‌ಕ್ರಿಪ್ಟ್ ಮಾಡಿ (ಕೀಲಿಯಿಲ್ಲದೆ ಓದಲಾಗದಂತೆ ಬದಲಿಸಿ) ಮತ್ತೆ ಡಿಸ್ಕಿಗೆ ಬರೆಯಲೇಬೇಕು. ತಡೆ ಇರುವುದು ಆ ಬರೆಯುವ ಹೆಜ್ಜೆಯಲ್ಲಿ. ಆಂಟಿವೈರಸ್ ಗುರುತಿಸಲಾಗದ ಮಾಲ್‌ವೇರ್ (ಕೇಡು ಮಾಡುವ ಪ್ರೋಗ್ರಾಂ) ಮುಂದೆಯೂ ಇದು ಉಪಯೋಗಕ್ಕೆ ಬರುವುದು ಇದೇ ಕಾರಣಕ್ಕೆ.

ಆನ್ ಮಾಡಲು ‘ವಿಂಡೋಸ್ ಸೆಕ್ಯುರಿಟಿ’ ತೆರೆದು ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ಗೆ ಹೋಗಿ, ಪುಟದ ಕೆಳಗಿರುವ ‘ಮ್ಯಾನೇಜ್ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಒತ್ತಿ. ಅಲ್ಲಿಯೇ ಸ್ವಿಚ್ ಇದೆ. ವಿಂಡೋಸ್‌ನ ಸ್ವಂತ ಆಂಟಿವೈರಸ್ ಆದ ಡಿಫೆಂಡರ್‌ನ ರಿಯಲ್ ಟೈಮ್ ಪ್ರೊಟೆಕ್ಷನ್ (ಸದಾ ಕಾಯುವ ವ್ಯವಸ್ಥೆ) ನಡೆಯುತ್ತಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದರೆ ಡಿಫೆಂಡರ್ ಹಿಂದೆ ಸರಿಯುತ್ತದೆ, ಅದರೊಂದಿಗೆ ಈ ಬೀಗವೂ ಹೋಯಿತು. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆಂಟಿವೈರಸ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಜೊತೆಗೆ ‘ಟ್ಯಾಂಪರ್ ಪ್ರೊಟೆಕ್ಷನ್’ ಆನ್ ಇದೆಯೇ ನೋಡಿಕೊಳ್ಳಿ. ಡಿಫೆಂಡರ್‌ನ ಮುಖ್ಯ ರಕ್ಷಣೆಯನ್ನೇ ಮಾಲ್‌ವೇರ್ ಬಂದು ಆಫ್ ಮಾಡದಂತೆ ಅದು ನೋಡಿಕೊಳ್ಳುತ್ತದೆ.

ಸ್ವಿಚ್ ಒತ್ತಿದ ಮೇಲೆ ಹೆಚ್ಚಿನವರು ಅಲ್ಲಿಗೇ ಬಿಡುತ್ತಾರೆ. ಮುಖ್ಯ ತಪ್ಪು ಆಗುವುದೇ ಇಲ್ಲಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್, ಮ್ಯೂಸಿಕ್‌ನಂಥ ಸಿ ಡ್ರೈವಿನ ಫೋಲ್ಡರುಗಳಷ್ಟೇ ತಾನಾಗಿ ಪಟ್ಟಿಗೆ ಸೇರುತ್ತವೆ. ನಮ್ಮಲ್ಲಿ ಮದುವೆ ಫೋಟೋ, ಆಸ್ತಿಪತ್ರದ ಸ್ಕ್ಯಾನ್, ಮಕ್ಕಳ ಅಂಕಪಟ್ಟಿ ಎಲ್ಲ ಡಿ ಡ್ರೈವಿನಲ್ಲಿಡುವ ರೂಢಿ. ವಿಂಡೋಸ್ ಮತ್ತೆ ಹಾಕಿಸಿದರೂ ಅಲ್ಲಿರುವುದು ಉಳಿಯಲಿ ಎಂಬುದು ಅದರ ಉದ್ದೇಶ. ಆ ಡಿ ಡ್ರೈವಿಗೆ ಈ ಕಾವಲು ತಾನಾಗಿ ಸಿಗುವುದಿಲ್ಲ. ‘ಪ್ರೊಟೆಕ್ಟೆಡ್ ಫೋಲ್ಡರ್ಸ್’ ತೆರೆದು, ‘ಆ್ಯಡ್ ಎ ಪ್ರೊಟೆಕ್ಟೆಡ್ ಫೋಲ್ಡರ್’ ಒತ್ತಿ, ಬೇಕಾದ ಫೋಲ್ಡರುಗಳನ್ನು ಒಂದೊಂದಾಗಿ ಸೇರಿಸಿ. ಒಳಗಿನ ಉಪಫೋಲ್ಡರುಗಳು ತಾವೇ ಬರುತ್ತವೆ.

ಇನ್ನು ತಲೆನೋವಿನ ವಿಷಯ. ಹೆಚ್ಚು ಜನ ಬಳಸದ ಸಣ್ಣಪುಟ್ಟ ತಂತ್ರಾಂಶ, ಹಳೆಯ ಅಕೌಂಟಿಂಗ್ ಪ್ರೋಗ್ರಾಂ, ಡಾಕ್ಯುಮೆಂಟ್ಸ್ ಒಳಗೆ ಸೇವ್ ಮಾಡುವ ಗೇಮ್ ಇವೆಲ್ಲ ಇದರ ಕೈಗೆ ಸಿಕ್ಕಿಬೀಳುತ್ತವೆ. ವಿಂಡೋಸ್ ಮೂಲೆಯಲ್ಲಿ ‘ಅನ್‌ಆಥರೈಸ್ಡ್ ಚೇಂಜಸ್ ಬ್ಲಾಕ್ಡ್’ ಎಂದು ತೋರಿಸುತ್ತದೆ. ಆದರೆ ಪ್ರೋಗ್ರಾಂ ಮಾತ್ರ ಫೈಲೇ ಸಿಗುತ್ತಿಲ್ಲ ಎಂದೋ, ಸೇವ್ ಆಗಲಿಲ್ಲ ಎಂದೋ ಅಸಂಬದ್ಧ ದೋಷ ಹೇಳುವುದುಂಟು. ಮೂಲೆಯ ಸೂಚನೆ ಕಣ್ತಪ್ಪಿದರೆ ಡಿಸ್ಕೇ ಕೆಟ್ಟಿದೆ ಎಂದು ಗಾಬರಿಯಾಗುತ್ತದೆ. ಆದ್ದರಿಂದ ಆನ್ ಮಾಡಿದ ದಿನವೇ ನುಡಿ, ಬರಹ, ಸ್ಕ್ಯಾನರ್ ತಂತ್ರಾಂಶ ಹೀಗೆ ಮನೆಯಲ್ಲಿ ಬಳಸುವ ಪ್ರತಿಯೊಂದರಿಂದಲೂ ಒಂದು ಫೈಲ್ ಸೇವ್ ಮಾಡಿ ನೋಡಿ. ತಡೆಯಾದರೆ ‘ಅಲೋ ಆ್ಯನ್ ಆ್ಯಪ್’ ಪುಟದಲ್ಲಿ ‘ರೀಸೆಂಟ್ಲಿ ಬ್ಲಾಕ್ಡ್ ಆ್ಯಪ್ಸ್’ನಿಂದ ಅದನ್ನು ಆರಿಸಿ ಒಳಬಿಡಬಹುದು. ಹಿಂದಿನ ದಿನಗಳದ್ದು ಬೇಕಿದ್ದರೆ ವಿಂಡೋಸ್ ತನ್ನ ಆಗುಹೋಗುಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ವಿಂಡೋಸ್ ಡಿಫೆಂಡರ್‌ನ ಆಪರೇಷನಲ್ ಲಾಗ್ ತೆರೆದು 1123 ಸಂಖ್ಯೆಯ ದಾಖಲೆಗಳನ್ನು ಹುಡುಕಿ.

ಒಳಬಿಡುವಾಗ ಕೈ ಬಿಗಿಯಿರಲಿ. ಪೈಥಾನ್‌ನಂಥ ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂಗೆ ಅನುಮತಿ ಕೊಟ್ಟರೆ ಅದರ ಮೂಲಕ ಓಡುವ ಯಾವ ಸ್ಕ್ರಿಪ್ಟಿಗಾದರೂ ಬಾಗಿಲು ತೆರೆದಂತೆ. ಅನುಮತಿ ಸಿಗುವುದು ಪ್ರೋಗ್ರಾಂ ಇರುವ ನಿರ್ದಿಷ್ಟ ಜಾಗಕ್ಕೆ. ಅಪ್‌ಡೇಟ್ ಆಗಿ ಬೇರೆ ಫೋಲ್ಡರಿಗೆ ಹೋದರೆ ಮತ್ತೆ ತಡೆ ಬೀಳುತ್ತದೆ. ಆಗ ಬೇಸತ್ತು ಸ್ವಿಚ್ಚನ್ನೇ ಆಫ್ ಮಾಡಬೇಡಿ, ಪಟ್ಟಿಗೆ ಹೊಸ ಜಾಗ ಸೇರಿಸಿದರೆ ಸಾಕು.

ಇದರಿಂದ ಆಗದ ಕೆಲಸವೂ ಇದೆ. ಫೈಲುಗಳನ್ನು ಓದಿ ಕದ್ದೊಯ್ಯುವುದನ್ನು ಇದು ತಡೆಯುವುದಿಲ್ಲ, ತಿದ್ದುವುದನ್ನಷ್ಟೇ ತಡೆಯುತ್ತದೆ. ನಾವೇ ರಕ್ಷಣೆ ಆಫ್ ಮಾಡಿದರೂ ಇದರಿಂದ ಪ್ರಯೋಜನವಿಲ್ಲ. ಮನೆಬಳಕೆದಾರರನ್ನು ಬಹಳ ಕಾಡಿದ ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂಬ ರ‍್ಯಾನ್ಸಮ್‌ವೇರ್ ಕುಟುಂಬವನ್ನೇ ನೋಡಿ. ಅದು ಹೆಚ್ಚಾಗಿ ಹರಡಿದ್ದು ಕ್ರ್ಯಾಕ್ ಮಾಡಿದ (ಲೈಸೆನ್ಸ್ ಮುರಿದ) ತಂತ್ರಾಂಶ, ನಕಲಿ ಲೈಸೆನ್ಸ್ ಸಂಖ್ಯೆ ಕೊಡುವ ಕೀಜೆನ್‌ಗಳ ವೇಷದಲ್ಲಿ. 980 ಡಾಲರ್ ಕೇಳಿ, 72 ಗಂಟೆಯೊಳಗೆ ಕೊಟ್ಟರೆ 490 ಎನ್ನುವುದು ಅದರ ಪದ್ಧತಿಯಾಗಿತ್ತು. ‘ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆ ಇಂಥ ಕ್ರ್ಯಾಕ್‌ಗಳ ಜೊತೆ ಮಾಮೂಲು. ರಿಯಲ್ ಟೈಮ್ ಪ್ರೊಟೆಕ್ಷನ್ ಆಫ್ ಮಾಡಿದ ಗಳಿಗೆಯಲ್ಲೇ ಈ ಬೀಗವೂ ಕಳಚುತ್ತದೆ. ಮನೆಯ ಎಲ್ಲರಿಗೂ, ಮುಖ್ಯವಾಗಿ ಗೇಮ್ ಇಳಿಸಿಕೊಳ್ಳುವ ಮಕ್ಕಳಿಗೆ, ಇದನ್ನು ಹೇಳಿ. ಅವರಿಗೆ ಅಡ್ಮಿನ್ ಹಕ್ಕಿಲ್ಲದ ಸ್ಟ್ಯಾಂಡರ್ಡ್ ಖಾತೆ ಮಾಡಿಕೊಡುವುದು ಇನ್ನೂ ಒಳ್ಳೆಯದು.

ಸ್ವಿಚ್ ಇರುವ ಪುಟದಲ್ಲೇ, ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಜೋಡಿಸಿ ಎಂಬ ಸಲಹೆಯೂ ಕಾಣುತ್ತದೆ. ಪುಕ್ಕಟೆ ಸಿಗುವುದು 5 ಜಿಬಿ. ಇಡೀ ಒನ್‌ಡ್ರೈವನ್ನು ಹಿಂದಿನ 30 ದಿನಗಳೊಳಗಿನ ಸ್ಥಿತಿಗೆ ಮರಳಿಸುವ ಸೌಲಭ್ಯಕ್ಕೆ ಮೈಕ್ರೋಸಾಫ್ಟ್ 365 ಚಂದಾ ಬೇಕು. ಫೋಟೋ ಜಾಸ್ತಿ ಇರುವ ಮನೆಗೆ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕೇ ವಾಸಿ. ಆದರೆ ಬ್ಯಾಕಪ್ ಮುಗಿದ ಕೂಡಲೇ ವೈರ್ ಕಿತ್ತು ಬೀರುವಿನಲ್ಲಿಡಬೇಕು. ಸದಾ ಚುಚ್ಚಿಕೊಂಡೇ ಇರುವ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಇನ್ನೊಂದು ಡ್ರೈವ್ ಎಂದೇ ತಿಳಿದು ಎನ್‌ಕ್ರಿಪ್ಟ್ ಮಾಡುತ್ತದೆ. ವಿಂಡೋಸ್ ತಾನೇ ಇಟ್ಟುಕೊಳ್ಳುವ ಶ್ಯಾಡೋ ಕಾಪಿಗಳನ್ನು (ಫೈಲುಗಳ ಹಿಂದಿನ ಪ್ರತಿಗಳನ್ನು) ನೆಚ್ಚಿಕೊಳ್ಳುವಂತಿಲ್ಲ, ಹೆಚ್ಚಿನ ರ‍್ಯಾನ್ಸಮ್‌ವೇರ್‌ಗಳು ಮೊದಲು ಅಳಿಸುವುದೇ ಅವನ್ನು.

ಇಷ್ಟಾಗಿಯೂ ಫೈಲುಗಳ ಹೆಸರು ಬದಲಾಗುತ್ತಿರುವುದು ಕಂಡರೆ ಮೊದಲು ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ ಮತ್ತು ಯುಎಸ್‌ಬಿ ಡಿಸ್ಕ್ ಕೀಳಿ. ಎನ್‌ಕ್ರಿಪ್ಟ್ ಆದ ಫೈಲುಗಳನ್ನು ಅಳಿಸಬೇಡಿ. ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತಿತರರು 2016ರಲ್ಲಿ ಶುರುಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಅವುಗಳಲ್ಲೊಂದನ್ನು ಕೊಟ್ಟು, ಬಿಡಿಸುವ ಉಪಕರಣ ಇದೆಯೇ ನೋಡಬಹುದು. ಇವತ್ತು ಇಲ್ಲದ್ದು ಮುಂದೆ ಬರಲೂಬಹುದು. ಭಾರತದಲ್ಲಿ ದೂರು ಕೊಡಲು ಸೈಬರ್ ಅಪರಾಧ ಸಹಾಯವಾಣಿ 1930.