ಬೇಸಿಗೇಲಿ ನೋಡಿ ಬಾಡಿಗೆ ಮನೆ ಹಿಡೀಬೇಡಿ, ಸ್ಲ್ಯಾಬ್ ಸೋರಿದ್ದಕ್ಕೆ ನಮ್ಮ ಡಿಪಾಜಿಟಲ್ಲಿ 28,000 ಮುರ್ಕೊಂಡ್ರು

ಕಾರವಾರ, ಅಂಕೋಲಾ, ಕುಮಟಾ ಕಡೆ ಬಾಡಿಗೆ ಮನೆ ಹುಡುಕ್ತಾ ಇರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಉದ್ದ ಆಗಿದೆ, ಆದ್ರೆ ಇಷ್ಟನ್ನ ನಮಗೆ ಮೊದಲೇ ಯಾರಾದ್ರೂ ಹೇಳಿದ್ರೆ ಎರಡು ಮಳೆಗಾಲ ಅಷ್ಟು ಕಷ್ಟಪಡೋದು ತಪ್ತಿತ್ತು.

ನಾವು ಶಿರಸಿ ಕಡೆಯವ್ರು. ಇವರಿಗೆ ಕಾರವಾರಕ್ಕೆ ವರ್ಗ ಆಗಿ 2022ರ ಡಿಸೆಂಬರಲ್ಲಿ ಕೋಡಿಬಾಗ ಕಡೆ ಒಂದು ಮನೆ ಹಿಡಿದ್ವಿ. ಮೇಲಿನ ಮಹಡಿ, ಅದರ ಮೇಲೆ ಬರೀ ಸ್ಲ್ಯಾಬು, ಶೀಟ್ ಹೊದಿಸಿರ್ಲಿಲ್ಲ. ಬಾಡಿಗೆ 9,500, ಡಿಪಾಜಿಟ್ 60,000. ಗೋಡೆಗೆಲ್ಲ ಹೊಸಾ ಪೇಂಟು, ವಾಸನೆ ಇನ್ನೂ ಹೋಗಿರ್ಲಿಲ್ಲ, ಎಷ್ಟು ಚೊಕ್ಕ ಮನೆ ಸಿಕ್ತು ಅಂತ ಖುಷಿಪಟ್ಟಿದ್ದೆ. ಮಾಲಕ್ರು ಇರುದು ಮುಂಬೈಲಿ, ಕೆಳಗಿನ ಮನೇಲಿ ಅವರ ಅಳಿಯ. ಟೆರೇಸ್ ಬಾಗಿಲಿಗೆ ಯಾವಾಗ್ಲೂ ಬೀಗ, ಚಾವಿ ಅಳಿಯನ ಹತ್ರ. ಚಾವಿ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರ್ತದೆ.

2023ರಲ್ಲಿ ಮೃಗಶಿರ ಮಳೆ ಹಿಡ್ಕೊಂಡ ವಾರವೇ ಮಲಗೋ ಕೋಣೇಲಿ ಕಪಾಟಿನ ಮೇಲೆ ಸ್ಲ್ಯಾಬಲ್ಲಿ ಊಟದ ತಾಟಿನಷ್ಟು ದೊಡ್ಡ ಹಳದಿ ಕಲೆ ಬಂತು. ಅವತ್ತೇ ಮಾಲಕರಿಗೆ ಫೋನ್ ಮಾಡಿ ಹೇಳ್ದೆ. "ಮಳೆ ನಿಲ್ಲಲಿ ತಂಗಿ, ನೋಡ್ವಾ" ಅಂದ್ರು. ಮಳೆ ನಿಂತ್ಮೇಲೆ ಮತ್ತೆ ಹೇಳ್ದೆ, "ಈಗ ಸೋರ್ತಿಲ್ವಲ್ಲಾ" ಅಂದ್ರು. ಪ್ರತಿ ಸಲಾನೂ ಬರೀ ಫೋನಲ್ಲೇ ಮಾತು, ಒಂದು ಮೆಸೇಜು ಇಲ್ಲ, ಒಂದು ಫೋಟೋ ಕಳಿಸ್ಲಿಲ್ಲ, ದೊಡ್ಡವರು, ಒಳ್ಳೇ ಮಾತಾಡ್ತಾರೆ, ಬರೆದು ಕಳಿಸಿದ್ರೆ ಬೇಜಾರು ಮಾಡ್ಕೋತಾರೇನೋ ಅಂತ ಸುಮ್ನಿದ್ದೆ.

ಮುಂದಿನ ವರ್ಷ 2024ರ ಜುಲೈ, ಪುನರ್ವಸು ಮಳೆ. 16ನೇ ತಾರೀಕು ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ಬಂದಾಯ್ತಲ್ಲ, ಅದೇ ವಾರ. ರಾತ್ರಿ ಎರಡೂವರೆಗೆ ಫ್ಯಾನಿನ ಕೊಂಡಿ ಹತ್ರದಿಂದ ಹಾಸಿಗೆ ಮೇಲೆ ನೀರು ಬೀಳ್ಲಿಕ್ಕೆ ಶುರು. ಇವರು ಎದ್ದು ಮೊದ್ಲು ಮೇನ್ ಸ್ವಿಚ್ ಆಫ್ ಮಾಡಿದ್ರು (ಇದನ್ನ ಎಲ್ಲರೂ ಮೊದ್ಲು ಮಾಡಿ, ಬಾಲ್ದಿ ಹುಡುಕ್ಲಿಕ್ಕೆ ಹೋಗ್ಬೇಡಿ). ಅಳಿಯ ಊರಲ್ಲಿಲ್ಲ, ಗೋವಾಕ್ಕೆ ಹೋಗಿದ್ದ, ಟೆರೇಸಿಗೆ ಬೀಗ. ಬೆಳಿಗ್ಗೆ ಅವನಿಗೆ ಫೋನ್ ಮಾಡಿ, ಹೂಂ ಅನ್ನಿಸ್ಕೊಂಡು, ಬೀಗ ಒಡೆದು ನೋಡಿದ್ರೆ ಪಕ್ಕದ ಹಲಸಿನ ಮರದ ಎಲೆ ಎಲ್ಲ ಬಿದ್ದು ನೀರು ಹೋಗೋ ಎರಡೂ ತೂತು ಕಟ್ಕೊಂಡು ಸ್ಲ್ಯಾಬ್ ಮೇಲೆ ಪಾದ ಮುಳುಗುವಷ್ಟು ನೀರು ನಿಂತಿದೆ. ಕೈಹಾಕಿ ಎಲೆ ತೆಗೆದ್ರೆ ಹತ್ತು ನಿಮಿಷಕ್ಕೆ ಖಾಲಿ. ಹತ್ತು ನಿಮಿಷದ ಕೆಲಸ.

ಕಪಾಟು ಗೋಡೆಯಿಂದ ಎಳೆದಾಗ ಹಿಂದಿನ ಪ್ಲೈವುಡ್ ಕೈಯಲ್ಲೇ ಬಂತು, ಪದರ ಪದರ ಬಿಟ್ಟು ನೆನೆದ ರಟ್ಟಿನ ಹಾಗಾಗಿತ್ತು. ಅಮ್ಮನ ಧಾರೆ ಸೀರೆ ನಂಗೆ ಕೊಟ್ಟಿದ್ರು, ಅದರ ಮಡಿಕೆ ಮಡಿಕೆಗೂ ಕೆಳಗಿದ್ದ ಕೆಂಪು ಸೀರೆ ಬಣ್ಣ ಹತ್ತಿ, ಜರಿ ಕಪ್ಪಾಗಿತ್ತು. ಮಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಲ್ಯಾಮಿನೇಶನ್ ಮಾಡಿಸಿದ್ದು, ಆದ್ರೂ ಒಂದು ಮೂಲೆ ಬಿಟ್ಟಿತ್ತು ಅಂತ ಕಾಣ್ತದೆ, ಒಳಗೆ ನೀರು ಹೊಕ್ಕು ಶಾಯಿ ಹರಡಿ ಅವನ ಹೆಸರೇ ಓದ್ಲಿಕ್ಕೆ ಬರ್ತಿರ್ಲಿಲ್ಲ. ಗಾದಿ ಎರಡು ಎಸೆದ್ವಿ. ಆಗ ಜಗಳ ಮಾಡ್ಲಿಕ್ಕೆ ಮನಸ್ಸೇ ಬರ್ಲಿಲ್ಲ, ಅಲ್ಲಿ ಶಿರೂರಲ್ಲಿ ಜನ ಮನೆಯವರನ್ನೇ ಕಳ್ಕೊಂಡು ನದಿ ದಂಡೆ ಮೇಲೆ ಕೂತಿದ್ರು, ನಾನು ಸೀರೆ ಬಗ್ಗೆ ಏನಂತ ಮಾತಾಡ್ಲಿ.

2025ರ ಜನವರಿಲಿ ಮನೆ ಬಿಟ್ವಿ. 60,000ದಲ್ಲಿ 28,000 ಹಿಡ್ಕೊಂಡ್ರು. ಪೇಂಟು, ವೈರಿಂಗು, ಬಾಗಿಲ ಚೌಕಟ್ಟು ಎಲ್ಲ ನಮ್ಮ ಲೆಕ್ಕ! ಕಾರಣ ಏನು ಅಂದ್ರೆ, ನಾವು ಮಳೆಗಾಲದಲ್ಲಿ ಒಳಗೆ ಬಟ್ಟೆ ಒಣಗಿಸಿದ್ದಕ್ಕೆ ಗೋಡೆಗೆ ಥಂಡಿ ಹಿಡಿದು ಹಾಳಾಯ್ತಂತೆ. ಕಾರವಾರದಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಒಳಗೆ ಹಗ್ಗ ಕಟ್ಟದೆ ಬಟ್ಟೆ ಒಣಗಿಸೋ ಮನೆ ಒಂದಾದ್ರೂ ಇದ್ರೆ ತೋರಿಸಿ. ಮತ್ತೆ ಅಗ್ರಿಮೆಂಟಲ್ಲಿ "ಒಳಗಿನ ರಿಪೇರಿ ಬಾಡಿಗೆದಾರರದ್ದು" ಅಂತ ಒಂದು ಸಾಲಿತ್ತು, ನಾವು ನಲ್ಲಿ, ಬಲ್ಬು ಅಂದ್ಕೊಂಡು ಸಹಿ ಹಾಕಿದ್ವಿ, ಅವರು ಸ್ಲ್ಯಾಬಿನ ಕೆಳಮೈ ಕೂಡ ಒಳಗೇ ಅಂದ್ರು.

ಒಬ್ಬ ಗವಂಡಿಯನ್ನ ಮೊದ್ಲೇ ಕರೆಸಿ ತೋರಿಸಿದ್ದೆ, ಅವ ಹೇಳಿದ್ದು ಆಮೇಲೆ ಉಪಯೋಗಕ್ಕೆ ಬಂತು. ಗಾಳಿ ಆಡದೆ ಬರೋ ಬೂಜು ಕಪ್ಪು ಚುಕ್ಕಿ ಚುಕ್ಕಿ ಇರ್ತದೆ, ಮೂಲೇಲಿ, ಕಪಾಟಿನ ಹಿಂದೆ, ಒರೆಸಿದ್ರೆ ಹೋಗ್ತದೆ. ಮೇಲಿಂದ ನೀರು ಇಳಿದ್ರೆ ಕಂದು ಅಂಚಿನ ಉಂಗುರದ ಹಾಗೆ ಕಲೆ, ಪೇಂಟ್ ಗುಳ್ಳೆ ಏಳ್ತದೆ, ಒಣಗಿದ್ಮೇಲೆ ಬಿಳೀ ಉಪ್ಪಿನ ಪುಡಿ ಉದುರ್ತದೆ. ಮಳೆ ನಿಂತು ಎಷ್ಟೋ ದಿನ ಬಿಸಿಲು ಬಿದ್ರೂ ಒದ್ದೆ ಹಾಗೇ ಇದ್ರೆ ಗೋಡೆ ಒಳಗಿನ ಪೈಪ್ ನೋಡ್ಬೇಕು, ಮಳೆ ಜೊತೆಗೇ ಬಂದು ಹೋದ್ರೆ ಟೆರೇಸು. ನಮ್ಮ ಕಡೆ ಚಿರೆಕಲ್ಲಿನ ಗೋಡೆ ಬೇರೆ, ಒಮ್ಮೆ ನೀರು ಕುಡಿದ್ರೆ ಬೇಗ ಒಣಗುದಿಲ್ಲ.

ಕೊನೆಗೆ ಕೋರ್ಟಲ್ಲಿರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆ. ಹೆಂಗಸರಿಗೆ ಆದಾಯ ಎಷ್ಟೇ ಇರ್ಲಿ ಅಲ್ಲಿ ವಕೀಲರ ನೆರವು ಉಚಿತ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಅಲ್ಲಿಯ ವಕೀಲರು ತಾಳ್ಮೆಯಿಂದ ತಿಳಿಸಿ ಹೇಳಿದ್ರು. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ದಾಟಿದ ಮನೆಗೆ ಅನ್ವಯವೇ ಆಗುದಿಲ್ಲ, ಹಾಗಾಗಿ ನಮ್ಮಂಥವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮೇ ಗತಿ. ಅದರಲ್ಲಿ ಎಲ್ಲಕ್ಕಿಂತ ಮೊದಲು ಅಗ್ರಿಮೆಂಟಲ್ಲಿ ಏನು ಬರೆದಿದೆಯೋ ಅದೇ ನಡೀತದೆ. ಬೇರೆ ಏನೂ ಬರೆದಿಲ್ದಿದ್ರೆ, ಮಾಲಕರು ಮಾಡ್ಲೇಬೇಕಾದ ರಿಪೇರಿಯನ್ನ ನೋಟಿಸ್ ಕೊಟ್ಟ ಮೇಲೂ ಮಾಡ್ದೇ ಹೋದ್ರೆ ನಾವೇ ಮಾಡಿಸಿ ಬಾಡಿಗೇಲಿ ಬಡ್ಡಿ ಸಮೇತ ಕಳೀಬಹುದು. ಬಳಸಿ ಸವೆದದ್ದು ನಮ್ಮ ತಲೆ ಮೇಲೆ ಬರುದಿಲ್ಲ, ಆದ್ರೆ ನಮ್ಮ ತಪ್ಪಿಂದ ಹಾಳಾದ್ರೆ, ಅಂದ್ರೆ ವಾಷಿಂಗ್ ಮಷಿನ್ ಪೈಪ್ ಬಿಟ್ಟು ಕೆಳಗಿನ ಮನೆಗೆ ಇಳಿದ್ರೆ, ನಾವೇ ಸರಿಮಾಡಿ ಕೊಡ್ಬೇಕು. ಎಲ್ಲದಕ್ಕೂ "ನೋಟಿಸ್" ಅನ್ನೋ ಶಬ್ದ ಬರ್ತದೆ ನೋಡಿ, ನನ್ನ ಹತ್ರ ಅದೇ ಇರ್ಲಿಲ್ಲ. ಎರಡು ವರ್ಷ ಫೋನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಏನು ಅಂದ್ರೆ ಸುಮ್ನೆ ಕೂರ್ಬೇಕಾಯ್ತು.

ನಮ್ಮನ್ನ ಉಳಿಸಿದ್ದು ಅದೇ ಕಲಮಿನ ಇನ್ನೊಂದು ಮಾತು. ಮನೇಲಿ ನಮ್ಮ ಕಣ್ಣಿಗೆ ಕಾಣದ ದೊಡ್ಡ ದೋಷ ಇದ್ದು ಅದು ಮಾಲಕರಿಗೆ ಗೊತ್ತಿದ್ರೆ ಮೊದಲೇ ಹೇಳ್ಬೇಕು. ನಮಗಿಂತ ಮುಂಚೆ ಅಲ್ಲಿದ್ದ ಬಾಡಿಗೆಯವರು ಅದೇ ಕೋಣೇಲಿ ಬಾಲ್ದಿ ಇಡ್ತಿದ್ರಂತೆ, ಅದೇ ಕಾರಣಕ್ಕೆ ಬಿಟ್ಟಿದ್ದಂತೆ, ಪಕ್ಕದ ಮನೆ ಅಕ್ಕ ಬಂದು ಹೇಳಿದ್ರು. ಡಿಸೆಂಬರಿನ ಹೊಸಾ ಪೇಂಟು ಯಾಕೆ ಅಂತ ಆಗ ತಿಳೀತು. ಮಾಲಕ್ರು ಚೌತಿಗೆ ಊರಿಗೆ ಬಂದಾಗ ಪ್ರಾಧಿಕಾರದಲ್ಲಿ ಎದುರುಬದುರು ಕೂರಿಸಿ ಮಾತಾಡಿಸಿದ್ರು, 20,000 ವಾಪಸ್ ಬಂತು. ಉಳಿದ 8,000 ನಾವು ಬಿಟ್ವಿ, ಅಡುಗೆ ಮನೆ ಗೋಡೆ ಎಣ್ಣೆ ಜಿಡ್ಡು ನಮ್ಮದೇ, ಅದು ಸುಳ್ಳಲ್ಲ. ಕಪಾಟು, ಗಾದಿ, ಸೀರೆಗೆ ಒಂದು ರೂಪಾಯಿ ಬರ್ಲಿಲ್ಲ.

ಸಾಮಾನಿಗೆ ಅಂತ ಬೇರೆ ಇನ್ಶೂರೆನ್ಸ್ ಇದೆ ಅಂತ ಗೊತ್ತಾಗಿದ್ದೂ ಆಮೇಲೆ. 2021ರ ಏಪ್ರಿಲಿಂದ "ಭಾರತ್ ಗೃಹ ರಕ್ಷಾ" ಅಂತ ಪಾಲಿಸಿ ಇದೆ, ಬಾಡಿಗೆಯವರು ಕಟ್ಟಡ ಸೇರಿಸ್ದೆ ಸಾಮಾನಿಗೆ ಮಾತ್ರ ಮಾಡಿಸ್ಬಹುದು. ಬಿರುಗಾಳಿ, ನೆರೆ, ಟ್ಯಾಂಕ್ ಇಲ್ಲಾ ಪೈಪ್ ಒಡೆದು ನೀರು ನುಗ್ಗಿದ್ದು ಅದರಲ್ಲಿ ಬರ್ತದೆ, ವರ್ಷಗಟ್ಲೆ ಜಿನುಗಿ ಹಾಳಾದ್ದು ಬರುದಿಲ್ಲ.

ಮನೆ ಹಿಡಿಯೋ ಮೊದ್ಲು ಹಳೇ ಬಾಡಿಗೆಯವರ ನಂಬರ್ ಇಸ್ಕೊಂಡು ಮಳೆಗಾಲದಲ್ಲಿ ಹೇಗಿತ್ತು ಕೇಳಿ. ಒಳಗೆ ಹೋದ ದಿನವೇ ಪ್ರತಿ ಕೋಣೆಯ ಮಾಳಿಗೆ, ಮೂಲೆ ಎಲ್ಲ ವಿಡಿಯೋ ಮಾಡಿ ಮಾಲಕರಿಗೇ ಕಳಿಸಿ. ಅಗ್ರಿಮೆಂಟಲ್ಲಿ "ಒಳಗಿನ ರಿಪೇರಿ" ಅಂತಿದ್ರೆ ಯಾವ್ಯಾವ್ದು ಅಂತ ಬಿಡಿಸಿ ಬರೆಸಿ, ಸ್ಲ್ಯಾಬು, ಪೈಪು, ವೈರಿಂಗು ಮಾಲಕರದ್ದು ಅಂತ ಹೆಸರು ಹಿಡಿದು ಬರೆಸಿ. ಮೊದಲ ಕಲೆ ಕಂಡ ದಿನ ಫೋಟೋ ಸಮೇತ ವಾಟ್ಸಾಪ್ ಮಾಡಿ, ಹದಿನೈದು ದಿನಕ್ಕೆ ಏನೂ ಆಗ್ಲಿಲ್ಲ ಅಂದ್ರೆ ಅದನ್ನೇ ಪತ್ರ ಮಾಡಿ ಪೋಸ್ಟಲ್ಲಿ ಕಳಿಸಿ, ತಲುಪಿದ ರಸೀದಿ ತೆಗೆದಿಟ್ಕೊಳ್ಳಿ. ದೊಡ್ಡವರು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ.

ಈಗಿನ ಮನೇಲಿ ಟೆರೇಸಿನ ಒಂದು ಚಾವಿ ನಮ್ಮ ಹತ್ರ ಇರ್ಬೇಕು ಅಂತ ಅಗ್ರಿಮೆಂಟಲ್ಲೇ ಬರೆಸಿದ್ದೇವೆ, ಮಳೆಗಾಲದಲ್ಲಿ ಭಾನುವಾರಕ್ಕೊಮ್ಮೆ ನಾನೇ ಮೇಲೆ ಹೋಗಿ ಎಲೆ ತೆಗೆದು ಬರ್ತೇನೆ. ಮಗನ ಮಾರ್ಕ್ಸ್ ಕಾರ್ಡ್ ಡೂಪ್ಲಿಕೇಟಿಗೆ ಅರ್ಜಿ ಹಾಕಿದ್ದೇವೆ, ಇನ್ನೂ ಬಂದಿಲ್ಲ.